ಏಜೆನ್ಸಿ ಮುಳುಗಿದರೆ ನಿಮ್ಮ ಸಂಬಳವೂ ಮುಳುಗಬೇಕೆ?

(ಪೀಣ್ಯದಲ್ಲಿ ಗುತ್ತಿಗೆ ಕೆಲಸದ ಯುವಕ ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ. ಸಭೆಗೆ ಬಾರದ ಓದುಗರಿಗೂ ಮುಟ್ಟಲೆಂದು ಅವರೇ ತಿದ್ದಿ ಕೊಟ್ಟಿದ್ದಾರೆ.)



ನಾನು ವಕೀಲನಲ್ಲ, ಲೀಡರೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಮೊದಲು ಟ್ರೆಡಲ್ ಓಡಿಸಿದೆ, ಆಮೇಲೆ ಆಫ್‌ಸೆಟ್ ಬಂತು. ಇಪ್ಪತ್ತು ವರ್ಷದಿಂದ ಈ ಊರಿನ ಲೇಬರ್ ಏಜೆನ್ಸಿಗಳ ಕಾಗದವೆಲ್ಲ ನನ್ನ ಕೈಯಲ್ಲಿ ಹಾದು ಹೋಗಿದೆ. ಲೆಟರ್‌ಹೆಡ್ಡು, ಹಾಜರಿ ಪುಸ್ತಕ, ಸಂಬಳದ ಚೀಟಿ, ಗೇಟ್ ಪಾಸು, ನಿಮ್ಮ ಕುತ್ತಿಗೆಯಲ್ಲಿ ನೇತಾಡುವ ಗುರುತಿನ ಚೀಟಿ, ಎಲ್ಲ. ಹಾಗಾಗಿ ಏಜೆನ್ಸಿ ಹೇಗೆ ಹುಟ್ಟುತ್ತದೆ, ಹೇಗೆ ಸಾಯುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಹುಟ್ಟಲು ಏನು ಬೇಕು? ಎರಡು ರೀಮು ಲೆಟರ್‌ಹೆಡ್ಡು, ಒಂದು ರಬ್ಬರ್ ಸ್ಟಾಂಪು, ಎರಡನೆ ಮಹಡಿಯಲ್ಲಿ ಒಂದು ಕೋಣೆ. ಸಾಯಲು ಏನು ಬೇಕು? ಒಂದು ಬೀಗ, ಅಷ್ಟೆ!

ಬೀಗ ಬಿದ್ದ ದಿನ ನಿಮ್ಮ ಕಥೆ ಏನು? ಎರಡು ತಿಂಗಳ ಸಂಬಳ ಬಾಕಿ. ಫೋನು ಸ್ವಿಚ್ ಆಫ್. ರೂಮಿನ ಬಾಡಿಗೆ ಕಟ್ಟಬೇಕು, ಊರಿಗೆ ದುಡ್ಡು ಕಳಿಸಬೇಕು. ಕಂಪನಿಯ ಗೇಟಿಗೆ ಹೋದರೆ ಎಚ್ಆರ್ ಸಾಹೇಬರು ಹೇಳುತ್ತಾರೆ: "ನೀವು ನಮ್ಮವರಲ್ಲ, ಏಜೆನ್ಸಿಯವರು. ಅವರನ್ನೇ ಕೇಳಿ." ಏಜೆನ್ಸಿಯ ಬಾಗಿಲಿಗೆ ಹೋದರೆ ಅಲ್ಲಿ ಬೀಗ ಮಾತಾಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಇದೆ. ಇಲ್ಲಿ ಪೂಜಾರಿ ಗುಡಿ ಬಿಟ್ಟೇ ಓಡಿಹೋಗಿದ್ದಾನೆ.

ನಾನು ಇವತ್ತು ಹೇಳುವುದು ಒಂದೇ ಮಾತು. ಪೂಜಾರಿ ಓಡಿದರೂ ದೇವರು ಅಲ್ಲೇ ಇದ್ದಾನೆ. ಏಜೆನ್ಸಿ ಮುಳುಗಿದೆ, ನೀವು ಬೆವರು ಸುರಿಸಿದ ಕಂಪನಿ ಮುಳುಗಿಲ್ಲ. ಕಾಯಿದೆ ಆ ಕಂಪನಿಯ ಕೈಯನ್ನೂ ಹಿಡಿದು ಕಟ್ಟಿದೆ. ಇದು ನಿಮಗೆ ಗೊತ್ತಿರಬಾರದು ಅಂತಲೇ "ನೀವು ನಮ್ಮವರಲ್ಲ" ಅನ್ನುವ ಮಾತು ಹುಟ್ಟಿದೆ.

ಏಜೆನ್ಸಿ ಯಾಕೆ ಮುಳುಗುತ್ತದೆ?

ಒಂದು ದಿನದಲ್ಲಿ ಮುಳುಗುವುದಿಲ್ಲ. ಕಂಪನಿ ಏಜೆನ್ಸಿಯ ಬಿಲ್ಲನ್ನು ಎರಡು ಮೂರು ತಿಂಗಳು ತಡಮಾಡಿ ಕೊಡುತ್ತದೆ. ನಿಮಗೆ ಮಾತ್ರ ತಿಂಗಳು ತಿಂಗಳು ಸಂಬಳ ಕೊಡಬೇಕು. ನಡುವಿನ ದುಡ್ಡನ್ನು ಏಜೆನ್ಸಿ ಸಾಲ ತಂದು ಹಾಕುತ್ತದೆ. ಟೆಂಡರು ಗೆಲ್ಲಲು ಕಮಿಷನ್ನು ಇಳಿಸಿರುತ್ತದೆ. ಎರಡು ಕಂಪನಿ ಬಿಲ್ಲು ತಡೆದರೆ ಸಾಕು, ಬಡ್ಡಿ ಮೇಲೆ ಬಡ್ಡಿ ಏರುತ್ತದೆ.

ಆಗ ಮೊದಲು ನಿಲ್ಲುವುದು ಸಂಬಳವಲ್ಲ, ಪಿಎಫ್! ಸಂಬಳ ನಿಂತರೆ ನೀವು ಅವತ್ತೇ ಕೂಗುತ್ತೀರಿ. ಪಿಎಫ್ ನಿಂತರೆ ಆರು ತಿಂಗಳು ಯಾರಿಗೂ ತಿಳಿಯುವುದಿಲ್ಲ. ಚೀಟಿಯಲ್ಲಿ ಕಡಿತ ಅಂತ ಅಚ್ಚಾಗಿರುತ್ತದೆ, ಹಣ ಮಾತ್ರ ಪಿಎಫ್ ಕಚೇರಿ ಸೇರಿರುವುದಿಲ್ಲ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳು 15ನೆಯ ತಾರೀಕಿನೊಳಗೆ ಕಟ್ಟಬೇಕು. ನಿಮ್ಮ ಯುಎಎನ್ ನಂಬರು ಹಾಕಿ ಪಾಸ್‌ಬುಕ್ ನೋಡಿ. ಉಮಂಗ್ ಆ್ಯಪಿನಲ್ಲಿ ನೋಡಬಹುದು, ಕಾಸು ಖರ್ಚಿಲ್ಲ. ಎರಡು ತಿಂಗಳು ಹಣ ಬಿದ್ದಿಲ್ಲ ಅಂದರೆ ದೋಣಿಯಲ್ಲಿ ತೂತು ಬಿದ್ದಿದೆ ಅಂತಲೇ ತಿಳಿಯಿರಿ. ಕೇಳಬೇಕಾದದ್ದು ಅವತ್ತು.

ಕಾಯಿದೆ ಏನು ಹೇಳುತ್ತದೆ?

ಈಗ ಕಿವಿಗೊಟ್ಟು ಕೇಳಿ. ಗುತ್ತಿಗೆ ಕಾರ್ಮಿಕರಿಗಾಗಿ 1970ರಲ್ಲಿ ಒಂದು ಕಾಯಿದೆ ಬಂತು. ಅದರ 21ನೆಯ ಕಲಂ ಹೇಳುತ್ತಿದ್ದುದು ಇಷ್ಟು: ಗುತ್ತಿಗೆದಾರ ಸಂಬಳ ಕೊಡದಿದ್ದರೆ, ಕಮ್ಮಿ ಕೊಟ್ಟರೆ, ಪ್ರಧಾನ ಮಾಲೀಕನೇ ಅದನ್ನು ತುಂಬಿಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರವರ ಲೆಕ್ಕ. ಪ್ರಧಾನ ಮಾಲೀಕ ಅಂದರೆ ಯಾರು? ನೀವು ಯಾರ ಜಾಗದಲ್ಲಿ ದುಡಿಯುತ್ತೀರೋ, ಯಾರ ಮಿಷನ್ನು ಓಡಿಸುತ್ತೀರೋ, ಯಾರ ನೆಲ ಒರೆಸುತ್ತೀರೋ, ಆ ಕಂಪನಿ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1970ರ ಕಾಯಿದೆ ಅವುಗಳಲ್ಲಿ ಸೇರಿಹೋಯಿತು. "ಹಳೇ ಕಾಯಿದೆ ಹೋಯಿತು, ಇನ್ನು ನಮ್ಮ ಹೊಣೆ ಇಲ್ಲ" ಅಂತ ಕೆಲವು ಎಚ್ಆರ್ ಸಾಹೇಬರು ಹೇಳಬಹುದು. ನಂಬಬೇಡಿ! ಔದ್ಯೋಗಿಕ ಸುರಕ್ಷತೆ, ಆರೋಗ್ಯದ ಹೆಸರಿನ 2020ರ ಸಂಹಿತೆಯ 55ನೆಯ ಕಲಮಿನಲ್ಲಿ ಅದೇ ಮಾತು ಮತ್ತೆ ಇದೆ. ಗುತ್ತಿಗೆದಾರ ತಪ್ಪಿದರೆ ಪ್ರಧಾನ ಮಾಲೀಕ ಪೂರ್ತಿ ಸಂಬಳ ಕೊಡಬೇಕು, ಅಥವಾ ಉಳಿದ ಬಾಕಿ ಕೊಡಬೇಕು. ಗುತ್ತಿಗೆದಾರ ಸರ್ಕಾರದಲ್ಲಿಟ್ಟ ಠೇವಣಿಯಿಂದ ನಿಮಗೆ ಕೊಡಿಸುವ ಅಧಿಕಾರವೂ ಸರ್ಕಾರಕ್ಕೆ ಇದೆ.

ಒಂದು ಎಚ್ಚರಿಕೆ. ಹಳೆಯ ಕಾಯಿದೆ 20 ಜನ ಗುತ್ತಿಗೆ ಕಾರ್ಮಿಕರಿದ್ದ ಕಡೆ ನಡೆಯುತ್ತಿತ್ತು. ಹೊಸ ಸಂಹಿತೆಯ ಈ ಭಾಗ 50 ಜನರಿಂದ ಮೇಲಕ್ಕೆ. ಹಾಗಾದರೆ ಮೂವತ್ತು ಜನರಿದ್ದ ಕಡೆ ನೀರು ಬಿಟ್ಟ ಹಾಗೆಯೆ? ಇಲ್ಲ. 2019ರ ವೇತನ ಸಂಹಿತೆಯ 43ನೆಯ ಕಲಂ ಇದೆ. ಉದ್ಯೋಗ ಕೊಟ್ಟವನು ಸಂಬಳ ಕೊಡದಿದ್ದರೆ, ನೌಕರ ದುಡಿಯುವ ಸಂಸ್ಥೆಯ ಒಡೆತನ ಯಾವ ಕಂಪನಿಯದೋ ಯಾವ ವ್ಯಕ್ತಿಯದೋ ಅವರು ಹೊಣೆ ಅಂತ ಅದು ಹೇಳುತ್ತದೆ. ಈ 43, 55 ಎರಡು ನಂಬರುಗಳನ್ನು ಅಂಗೈ ಮೇಲೆ ಬರೆದುಕೊಳ್ಳಿ.

ಇನ್ನೂ ಒಂದಿದೆ. ಪರವಾನಗಿ ಬೇಕಾದ ಕಡೆ ಪರವಾನಗಿಯೇ ಇಲ್ಲದ ಏಜೆನ್ಸಿಯ ಮೂಲಕ ಕಂಪನಿ ಜನ ತೆಗೆದುಕೊಂಡಿದ್ದರೆ, ಆ ಜನರನ್ನು ಕಂಪನಿಯ ನೌಕರರೆಂದೇ ಭಾವಿಸಬೇಕು. ಅದು 54ನೆಯ ಕಲಂ. ಏಜೆನ್ಸಿಗೆ ಪರವಾನಗಿ ಇತ್ತೇ ಅಂತ ಕಾರ್ಮಿಕ ಇಲಾಖೆಯಲ್ಲಿ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ಕೇಳಿ.

ನನ್ನ ಪ್ರೆಸ್ಸಿಗೆ ಬಂದ ಹುಡುಗರು

2022ರಲ್ಲಿ ಒಂದು ಬೆಳಿಗ್ಗೆ ಹದಿನಾಲ್ಕು ಹುಡುಗರು ನನ್ನ ಪ್ರೆಸ್ಸಿನ ಮುಂದೆ ನಿಂತಿದ್ದರು. ಅವರ ಏಜೆನ್ಸಿಗೆ ಬೀಗ ಬಿದ್ದಿತ್ತು. ನನ್ನ ಹತ್ತಿರ ಯಾಕೆ ಬಂದರು ಅಂದರೆ, ಗೇಟ್ ಪಾಸಿನ ಪುಸ್ತಕದ ಅಡಿಯಲ್ಲಿ ಮುದ್ರಕರ ಹೆಸರು, ವಿಳಾಸ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದು ಕಂಡಿತ್ತು. ಅವರ ಕೈಯಲ್ಲಿದ್ದ ಕಾಗದಗಳಲ್ಲಿ ಬಾಗಿಲು ತೆರೆದಿದ್ದ ವಿಳಾಸ ಅದೊಂದೇ! "ಅಣ್ಣಾ, ಓನರು ಎಲ್ಲಿದ್ದಾನೆ ಹೇಳಿ" ಅಂದರು. ನನಗೇನು ಗೊತ್ತು? ಆ ಓನರು ನನಗೂ ಎಂಟು ತಿಂಗಳ ಬಿಲ್ಲು ಬಾಕಿ ಇಟ್ಟಿದ್ದ.

ಕಾಫಿ ತರಿಸಿ ಕೂರಿಸಿದೆ. "ನಿಮ್ಮ ಹತ್ತಿರ ಏನೇನಿದೆ, ಟೇಬಲ್ ಮೇಲೆ ಹಾಕಿ" ಅಂದೆ. ಒಬ್ಬನ ಹತ್ತಿರ ಗುರುತಿನ ಚೀಟಿ, ಅದರಲ್ಲಿ ಕಂಪನಿಯ ಹೆಸರು ಇತ್ತು. ಇನ್ನೊಬ್ಬ ಶಿಫ್ಟ್ ಚಾರ್ಟಿನ ಫೋಟೊ ತೆಗೆದಿದ್ದ, ಅದರ ಕೆಳಗೆ ಕಂಪನಿಯ ಸೂಪರ್‌ವೈಸರ್ ಸಹಿ. ಮತ್ತೊಬ್ಬನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಏಜೆನ್ಸಿಯ ಹೆಸರಿನಿಂದ ತಿಂಗಳು ತಿಂಗಳು ಬಿದ್ದ ಸಂಬಳ, ಆಮೇಲೆ ಎರಡು ತಿಂಗಳು ಖಾಲಿ. ಒಬ್ಬನಲ್ಲೂ ನೇಮಕದ ಪತ್ರ ಇರಲಿಲ್ಲ. ಆದರೆ ಹದಿನಾಲ್ಕು ಜನರ ಚೂರುಗಳನ್ನು ಜೋಡಿಸಿದಾಗ ಮೊಳೆ ಜೋಡಿಸಿದ ಹಾಗೆ ಪೂರ್ತಿ ಪುಟವೇ ಎದ್ದು ಬಂತು.

ಪರಿಚಯದ ವಕೀಲರೊಬ್ಬರು ಒಂದು ಪುಟದ ಪತ್ರ ಬರೆದುಕೊಟ್ಟರು. ಏಜೆನ್ಸಿಗಲ್ಲ, ಕಂಪನಿಗೆ. ಒಂದು ಪ್ರತಿ ಕಾರ್ಮಿಕ ಇಲಾಖೆಗೆ. ಪತ್ರದಲ್ಲಿ ಒಂದು ಮುಖ್ಯ ವಾಕ್ಯ ಇತ್ತು: "ಏಜೆನ್ಸಿಗೆ ನೀವು ಕೊಡಬೇಕಾದ ಬಿಲ್ಲಿನ ಹಣ ಇನ್ನೂ ನಿಮ್ಮಲ್ಲಿದ್ದರೆ, ಅದರಿಂದ ಮೊದಲು ನಮ್ಮ ಸಂಬಳ ಕೊಡಿ." ಗುಟ್ಟು ಇರುವುದು ಇಲ್ಲೇ. ಏಜೆನ್ಸಿ ಮುಳುಗುವಾಗ ಅದರ ಹಣ ಬಹಳ ಸಲ ಕಂಪನಿಯ ಕೈಯಲ್ಲೇ ಸಿಕ್ಕಿಕೊಂಡಿರುತ್ತದೆ. ಕೊಟ್ಟು ಮುರಿದುಕೊಳ್ಳಲು ಕಾಯಿದೆ ಕಂಪನಿಗೆ ದಾರಿ ಬಿಟ್ಟಿದೆ. ಅಂದರೆ ಕಂಪನಿಗೆ ಹೊಸದಾಗಿ ಕಾಸು ಹೋಗುವುದಿಲ್ಲ, ಕೇಳುವವರು ಬೇಕು ಅಷ್ಟೆ. ಇಲಾಖೆಯಿಂದ ನೋಟೀಸು ಹೋಯಿತು. ಮೂರು ತಿಂಗಳು ಓಡಾಡಿದ ಮೇಲೆ ಹದಿನಾಲ್ಕೂ ಜನಕ್ಕೆ ಎರಡು ತಿಂಗಳ ಸಂಬಳ ಬಂತು. ನನ್ನ ಬಿಲ್ಲು? ಅದು ಇವತ್ತಿಗೂ ಬಂದಿಲ್ಲ. ಇರಲಿ, ಅದರ ಕಥೆ ಮುಂದೆ ಹೇಳುತ್ತೇನೆ.

ಬೀಗ ಕಂಡ ದಿನ ಏನು ಮಾಡಬೇಕು?

ಮೊದಲನೆಯದು, ಕೆಲಸದ ಸ್ಥಳದಲ್ಲಿ ಇನ್ನೂ ಬಿಡುತ್ತಿದ್ದರೆ ಗಲಾಟೆ ಮಾಡದೆ ಹಾಜರಿ ಪುಸ್ತಕದ, ಶಿಫ್ಟ್ ಚಾರ್ಟಿನ ಫೋಟೊ ತೆಗೆಯಿರಿ. ಫೋನು ಒಳಗೆ ಬಿಡದಿದ್ದರೆ ಯಾವ ದಿನ ಯಾವ ಶಿಫ್ಟ್ ಅಂತ ಬರೆದಿಡಿ. ಗುರುತಿನ ಚೀಟಿ ವಾಪಸ್ ಕೇಳಿದರೆ ಎರಡೂ ಬದಿ ಜೆರಾಕ್ಸ್ ಮಾಡಿಸಿಯೇ ಕೊಡಿ. ವಾಟ್ಸಾಪ್ ಗುಂಪಿನಿಂದ ನಿಮ್ಮನ್ನು ಹೊರಹಾಕುವ ಮುಂಚೆ "ನಾಳೆ ಡ್ಯೂಟಿಗೆ ಬನ್ನಿ" ಅಂತ ಸೂಪರ್‌ವೈಸರ್ ಹಾಕಿದ ಸಂದೇಶಗಳನ್ನು ಉಳಿಸಿಕೊಳ್ಳಿ. ಬ್ಯಾಂಕಿನಿಂದ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ.

ಎರಡನೆಯದು, ಒಬ್ಬೊಬ್ಬರೇ ಹೋಗಬೇಡಿ. ಹನಿಗೂಡಿದರೆ ಹಳ್ಳ. ಎಲ್ಲರ ಹೆಸರು, ಯುಎಎನ್, ಸೇರಿದ ದಿನ, ದಿನಗೂಲಿ ಅಥವಾ ತಿಂಗಳ ಸಂಬಳ, ಬಾಕಿ ಎಷ್ಟು, ಓವರ್‌ಟೈಮ್ ಎಷ್ಟು ಅಂತ ಒಂದು ಪಟ್ಟಿ ಮಾಡಿ ಸಹಿ ಹಾಕಿ.

ಮೂರನೆಯದು, ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಕನ್ನಡದಲ್ಲೇ ಬರೆಯಿರಿ. ಬಾಕಿ ಇಷ್ಟು, 55ನೆಯ ಕಲಮಿನಂತೆ, 43ನೆಯ ಕಲಮಿನಂತೆ ನೀವು ಕೊಡಬೇಕು, ಇಷ್ಟು ದಿನದಲ್ಲಿ ಕೊಡಿ. ಅಷ್ಟೆ ಸಾಕು, ಬೈಗುಳ ಬೇಡ. ಅಂಚೆಯ ರಸೀತಿ ಜೋಪಾನ. 2025ರ ನವೆಂಬರ್ 21ಕ್ಕೆ ಮುಂಚಿನ ಬಾಕಿಯಾದರೆ 1970ರ ಕಾಯಿದೆಯ 21ನೆಯ ಕಲಮನ್ನೂ ಹಾಕಿ.

ನಾಲ್ಕನೆಯದು, ಕಾರ್ಮಿಕ ಇಲಾಖೆಗೆ ಅರ್ಜಿ. ನಿಮ್ಮ ಪ್ರದೇಶದ ಕಾರ್ಮಿಕ ಅಧಿಕಾರಿಯ ಕಚೇರಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಕೇಳಿ. ಬ್ಯಾಂಕು, ರೈಲ್ವೆ, ವಿಮಾನ ನಿಲ್ದಾಣದಂಥ ಕಡೆ ದುಡಿಯುವವರು ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ಬಳಿ ಹೋಗಬೇಕು. ತಪ್ಪು ಬಾಗಿಲು ತಟ್ಟಿ ತಿಂಗಳು ಕಳೆಯಬೇಡಿ. ರಾಜ್ಯದ ಇಲಾಖೆಗೆ ಅರ್ಜಿ ಕನ್ನಡದಲ್ಲಿ ಕೊಡಿ. 1963ರ ಅಧಿಕೃತ ಭಾಷಾ ಕಾಯಿದೆಯಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ. "ಇಂಗ್ಲಿಷಿನಲ್ಲಿ ತನ್ನಿ" ಅಂತ ಯಾವ ಗುಮಾಸ್ತ ಹೇಳಿದರೂ ಅದನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ. ಕೊಡುವುದಿಲ್ಲ, ಅರ್ಜಿ ತೆಗೆದುಕೊಳ್ಳುತ್ತಾನೆ! ಮೊಹರು ಹಾಕಿದ ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ.

ವೇತನ ಸಂಹಿತೆಯ 45ನೆಯ ಕಲಮಿನಲ್ಲಿ ಬಾಕಿ ಸಂಬಳದ ಕ್ಲೇಮು ಹಾಕಲು 3 ವರ್ಷ ಅವಕಾಶ ಇದೆ. ಬಾಕಿಯ ಜೊತೆಗೆ ಅದರ ಹತ್ತುಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಅಲ್ಲಿನ ಪ್ರಾಧಿಕಾರಿಗೆ ಇದೆ. ಹತ್ತುಪಟ್ಟು ಸಿಕ್ಕೇ ಸಿಗುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಆ ಹತ್ತುಪಟ್ಟಿನ ಭಯ ಕಂಪನಿಗೆ ಇರುತ್ತದೆ. ಇನ್ನು 59ನೆಯ ಕಲಂ: ಸಂಬಳ ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊರೆ ಉದ್ಯೋಗದಾತನ ಮೇಲೆ. ದುಡಿದದ್ದಕ್ಕೆ ಚೂರುಪಾರು ಕಾಗದ ತೋರಿಸಿದರೂ ನಿಮ್ಮ ಕೇಸು ನಿಲ್ಲುತ್ತದೆ, ಕೊಟ್ಟದ್ದಕ್ಕೆ ದಾಖಲೆ ಅವರು ತರಬೇಕು.

ವಕೀಲರಿಗೆ ದುಡ್ಡಿಲ್ಲವೆ? 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಕೈಗಾರಿಕಾ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತ ವಕೀಲರ ಹಕ್ಕಿದೆ. 15100 ನಂಬರಿಗೆ ಫೋನ್ ಮಾಡಿ, ಇಲ್ಲವೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ. ಇದು ಭಿಕ್ಷೆಯಲ್ಲ, ನಿಮಗೆ ಬರಬೇಕಾದದ್ದು.

ದಿವಾಳಿಯ ಸಾಲು: ನೀವು ನನಗಿಂತ ಮುಂದೆ!

ಬೀಗ ಬಿದ್ದ ಮಾತ್ರಕ್ಕೆ ಕಾಯಿದೆಯ ದಿವಾಳಿ ಆಗುವುದಿಲ್ಲ. ಏಜೆನ್ಸಿ ಒಬ್ಬನದೇ ಮಾಲೀಕತ್ವದ್ದೋ ಪಾಲುದಾರಿಕೆಯದೋ ಆಗಿದ್ದರೆ, ಅಂಗಡಿ ಮುಚ್ಚಿದರೂ ಆ ವ್ಯಕ್ತಿಗಳ ಸ್ವಂತ ಹೊಣೆ ಮುಚ್ಚುವುದಿಲ್ಲ. ಹೆಸರಿನ ಕೊನೆಗೆ ಪ್ರೈವೇಟ್ ಲಿಮಿಟೆಡ್ ಅಂತ ಇದ್ದರೆ ಲೆಕ್ಕ ಬೇರೆ. ಅದರ ದಿವಾಳಿ ನಡೆಯುವುದು 2016ರ ದಿವಾಳಿ ಸಂಹಿತೆಯ ಪ್ರಕಾರ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ಅದರ ಪೀಠ ಬೆಂಗಳೂರಿನಲ್ಲೂ ಇದೆ.

ಬ್ಯಾಂಕೋ ಬೇರೆ ಸಾಲಗಾರರೋ ಅರ್ಜಿ ಹಾಕಿ ಅದು ಅಂಗೀಕಾರವಾದರೆ, ನ್ಯಾಯಮಂಡಳಿ ಒಬ್ಬ ಅಧಿಕಾರಿಯನ್ನು ಕೂರಿಸುತ್ತದೆ. ರೆಸಲ್ಯೂಷನ್ ಪ್ರೊಫೆಷನಲ್ ಅನ್ನುತ್ತಾರೆ. ಅವರು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಮತ್ತೊಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ. ಅಂದರೆ ನಮ್ಮಲ್ಲಿ ಕನ್ನಡ ಪತ್ರಿಕೆಯಲ್ಲಿ! ನೀವು ಪತ್ರಿಕೆ ಓದುವುದನ್ನೇ ಬಿಟ್ಟಿದ್ದೀರಿ, ಓದಿದರೂ ಸಿನಿಮಾ, ಕ್ರಿಕೆಟ್ ನೋಡಿ ಮಡಚುತ್ತೀರಿ. ಕ್ಲೇಮು ಸಲ್ಲಿಸಲು ಅದರಲ್ಲಿ ಕೊಡುವ ಗಡುವು, ಆ ಅಧಿಕಾರಿ ನೇಮಕವಾದ ದಿನದಿಂದ 14 ದಿನ. ತಪ್ಪಿದರೆ ಪ್ರಕ್ರಿಯೆ ಶುರುವಾಗಿ 90 ದಿನದವರೆಗಂತೂ ಕೊಡಬಹುದು. ಆದರೆ ಗಡುವಿನಲ್ಲೇ ಕೊಡುವುದು ಕ್ಷೇಮ. ಏಜೆನ್ಸಿಯ ಹೆಸರು ಹಾಕಿ ದಿವಾಳಿ ಮಂಡಳಿಯ ಅಂತರ್ಜಾಲ ತಾಣದಲ್ಲೂ ಹುಡುಕಬಹುದು.

ಕಾರ್ಮಿಕರು, ನೌಕರರು ಕೊಡಬೇಕಾದದ್ದು ಡಿ ನಮೂನೆ. ಬಹಳ ಜನರಿದ್ದರೆ ಎಲ್ಲರ ಪರವಾಗಿ ಒಬ್ಬರೇ ಕೊಡಲು ಇ ನಮೂನೆ. ಇದಕ್ಕೆ ಶುಲ್ಕವಿಲ್ಲ. "ನಾನು ಮಾಡಿಸಿಕೊಡುತ್ತೇನೆ, ಐನೂರು ಕೊಡಿ" ಅಂತ ಬರುವ ದಲ್ಲಾಳಿಯನ್ನು ನಂಬಬೇಡಿ.

ಈ ಪ್ರಕ್ರಿಯೆ ಶುರುವಾದ ಮೇಲೆ ಏಜೆನ್ಸಿಯ ಮೇಲೆ ಬೇರೆ ಕೇಸು ನಡೆಸಲು ತಡೆ ಬೀಳುತ್ತದೆ. ಆಗ ಕಂಪನಿಯವರು "ನೋಡಿ, ಕೇಸೇ ನಿಂತಿದೆ" ಅನ್ನುತ್ತಾರೆ. ಆ ತಡೆ ಏಜೆನ್ಸಿಗೆ ಮಾತ್ರ, ಪ್ರಧಾನ ಮಾಲೀಕನಿಗೆ ಅಲ್ಲ. ಅಲ್ಲಿ ಕ್ಲೇಮು ಕೊಡಿ, ಇಲ್ಲಿ ಕಂಪನಿಯನ್ನೂ ಬಿಡಬೇಡಿ. ಒಂದು ಕಡೆ ಹಣ ಬಂದರೆ ಇನ್ನೊಂದು ಕಡೆ ಪ್ರಾಮಾಣಿಕವಾಗಿ ಹೇಳಿ ಕಳೆಯಿರಿ. ಆದರೆ ಅಧಿಕಾರಿ ಕೂತ ಮೇಲೆ ಕಂಪನಿಯಲ್ಲಿ ಉಳಿದ ಏಜೆನ್ಸಿಯ ಬಿಲ್ಲಿನ ಹಣವನ್ನೂ ಅವರೇ ಕೇಳಲು ಬರುತ್ತಾರೆ. ಆದ್ದರಿಂದಲೇ ಬೇಗ ಪತ್ರ ಹಾಕಿ ಅನ್ನುವುದು.

ಕೊನೆಗೆ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿದರೆ ಹಣ ಯಾರಿಗೆ? 53ನೆಯ ಕಲಂ ಸಾಲು ನಿಲ್ಲಿಸಿದೆ. ಮೊದಲು ಪ್ರಕ್ರಿಯೆಯ ಖರ್ಚು. ಎರಡನೆಯ ಸಾಲಿನಲ್ಲಿ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿ, ಅಡಮಾನ ಬಿಟ್ಟುಕೊಟ್ಟ ಬ್ಯಾಂಕಿನ ಭುಜಕ್ಕೆ ಭುಜ ಕೊಟ್ಟು! ಮೂರನೆಯದು ಕಾರ್ಮಿಕರಲ್ಲದ ಇತರ ನೌಕರರ 12 ತಿಂಗಳ ಸಂಬಳ. ಅದಾದ ಮೇಲೆ ಭದ್ರತೆಯಿಲ್ಲದ ಸಾಲ ಕೊಟ್ಟವರು, ಆಮೇಲೆ ಸರ್ಕಾರದ ತೆರಿಗೆ. ಅದರ ಹಿಂದೆ ನನ್ನಂಥ ಸಣ್ಣ ವ್ಯಾಪಾರಿಗಳು. ನನ್ನ ಎಂಟು ತಿಂಗಳ ಅಚ್ಚಿನ ಬಿಲ್ಲು ಆರನೆಯ ಸಾಲಿನಲ್ಲಿ ನಿಲ್ಲುತ್ತದೆ. ನನ್ನ ಪಾಲಿಗೆ ಪಾತ್ರೆ ಖಾಲಿ. ಇದಕ್ಕೆ ನನಗೆ ಬೇಜಾರಿಲ್ಲ. ಬೆವರಿನ ದುಡ್ಡು ಮೊದಲು ಅನ್ನುವುದು ನ್ಯಾಯವೇ. ಆದರೆ ಸಾಲಿನಲ್ಲಿ ಮುಂದೆ ಜಾಗ ಇದ್ದೂ ನೀವು ಬಂದು ನಿಲ್ಲದಿದ್ದರೆ? ಆಗ ಬೇಜಾರಾಗುತ್ತದೆ.

ಯಾರೂ ಅರ್ಜಿ ಹಾಕದೆ ಏಜೆನ್ಸಿ ಸುಮ್ಮನೆ ಕೊಳೆಯುತ್ತಿದ್ದರೆ ನೀವೇ ಹಾಕಬಹುದೆ? 2020ರ ಮಾರ್ಚಿನಿಂದ ಬಾಕಿ ಕನಿಷ್ಠ ಒಂದು ಕೋಟಿ ಇರಬೇಕು ಅಂತ ಮಾಡಿದ್ದಾರೆ. ಒಬ್ಬಿಬ್ಬರಿಗೆ ಇದು ಆಗದ ಮಾತು. ಆದರೆ ಕಾರ್ಮಿಕ ಸಂಘ ತನ್ನ ಸದಸ್ಯರ ಪರವಾಗಿ ಅರ್ಜಿ ಹಾಕಬಹುದು ಅಂತ ಜೆ.ಕೆ. ಜೂಟ್ ಮಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಾವಿರ ಜನರಿರುವ ಏಜೆನ್ಸಿಯಾದರೆ ಕೋಟಿ ದೊಡ್ಡ ಲೆಕ್ಕವಲ್ಲ. ಸಂಘ ಯಾಕೆ ಬೇಕು ಅನ್ನುವವರಿಗೆ ಇದೇ ಉತ್ತರ.

ಪಿಎಫ್, ಇಎಸ್ಐ, ಮಾರ್ಕ್ಸ್ ಕಾರ್ಡು

ಪಿಎಫ್ ಹಣ ಏಜೆನ್ಸಿಯ ಆಸ್ತಿಯೇ ಅಲ್ಲ. ದಿವಾಳಿ ಸಂಹಿತೆಯ 36ನೆಯ ಕಲಂ ಪಿಎಫ್, ಪಿಂಚಣಿ, ಗ್ರಾಚ್ಯುಟಿ ನಿಧಿಯ ಹಣವನ್ನು ಸಾಲಗಾರರಿಗೆ ಹಂಚುವ ಆಸ್ತಿಯಿಂದ ಹೊರಗೆ ಇಟ್ಟಿದೆ. ಕಡಿತ ಮಾಡಿ ಕಟ್ಟದಿದ್ದರೆ ರಾಜಾರಾಮ್ ಮೋಹನ್ ರಾಯ್ ರಸ್ತೆಯ ಭವಿಷ್ಯನಿಧಿ ಭವನಕ್ಕೆ ಹೋಗಿ ದೂರು ಕೊಡಿ. ಸಂಬಳದಿಂದ ಹಿಡಿದ ಪಿಎಫ್ ಕಟ್ಟದೇ ಇರುವುದು ನಂಬಿಕೆದ್ರೋಹದ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಂ. ಪೊಲೀಸರು "ಇದು ಸಿವಿಲ್ ಮ್ಯಾಟರ್" ಅಂದರೆ ಈ ನಂಬರು ಹೇಳಿ. ಇಎಸ್ಐ ಕೂಡ ಹಾಗೆಯೇ. ಏಜೆನ್ಸಿ ಓಡಿಹೋಯಿತು ಅಂತ ಕಾರ್ಡು ಬಿಸಾಡಬೇಡಿ, ಮನೆಯಲ್ಲಿ ಕಾಯಿಲೆ ಇದ್ದರೆ ಇಎಸ್ಐ ಶಾಖಾ ಕಚೇರಿಯಲ್ಲಿ ಹೋಗಿ ಕೇಳಿ.

ಕೆಲವು ಏಜೆನ್ಸಿಗಳು ಅಸಲು ಮಾರ್ಕ್ಸ್ ಕಾರ್ಡು ಇಟ್ಟುಕೊಳ್ಳುತ್ತವೆ. ಬೀಗದ ಹಿಂದೆ ನಿಮ್ಮ ಎಸ್ಸೆಸ್ಸೆಲ್ಸಿ ಕೂತಿರುತ್ತದೆ! ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಡು ಸಿಗದಿದ್ದರೆ ಓದಿದ ಶಾಲೆಯ ಮೂಲಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಗೆ ನಕಲು ಪ್ರತಿಗೆ ಅರ್ಜಿ ಹಾಕಿ. ಇನ್ನು ಮುಂದೆ ಯಾರಿಗೂ ಅಸಲು ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಅಸಲು ಜೇಬಿಗೆ.

ಕಂಪ್ಯೂಟರ್ ಕೆಲಸದ ಗೆಳೆಯರಿಗೆ

ಐಟಿ ಕಂಪನಿಗಳಲ್ಲಿ ಕನ್ಸಲ್ಟೆನ್ಸಿಯ ಮೂಲಕ ದುಡಿಯುವವರೂ ಇಲ್ಲಿದ್ದೀರಿ. ನಿಮಗೆ ಸಂಬಳದ ಚೀಟಿ, ಪಿಎಫ್ ಇದ್ದರೆ ನೀವು ನೌಕರರೇ, ಇಲ್ಲಿ ಹೇಳಿದ ದಾರಿಗಳು ನಿಮಗೂ ಇವೆ. ಆದರೆ ತಿಂಗಳಿಗೊಂದು ಬಿಲ್ಲು ಕೊಟ್ಟು ಹಣ ಪಡೆಯುವ ಕರಾರಿಗೆ ಸಹಿ ಹಾಕಿದ್ದರೆ ನೀವು ಕಾಗದದಲ್ಲಿ ವ್ಯಾಪಾರಿ, ನನ್ನ ಹಾಗೆ! ದಿವಾಳಿಯಲ್ಲಿ ನಿಮ್ಮದು ಬಿ ನಮೂನೆ, ನಿಮ್ಮ ಜಾಗ ನನ್ನ ಪಕ್ಕ, ಆರನೆಯ ಸಾಲು. ನಾಲ್ಕು ಸಾವಿರ ಹೆಚ್ಚು ಸಿಗುತ್ತದೆ ಅಂತ ಅಂಥ ಕರಾರಿಗೆ ಹೋಗುವ ಮುಂಚೆ ಈ ಸಾಲನ್ನು ನೆನೆಯಿರಿ. ಹೋಗಿಯೇ ಆಗಿದ್ದರೆ ಒಂದು ತಿಂಗಳಿಗಿಂತ ಹೆಚ್ಚು ಬಾಕಿ ಬಿಡಬೇಡಿ. ದುಡಿದ ಗಂಟೆಗಳ ಲೆಕ್ಕಕ್ಕೆ ವಾರವಾರ ಕಂಪನಿಯವರ ಒಪ್ಪಿಗೆಯನ್ನು ಇಮೇಲಿನಲ್ಲಿ ತೆಗೆದುಕೊಂಡು ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ. ಏಜೆನ್ಸಿ ಹೋದ ದಿನ ಆಫೀಸಿನ ಇಮೇಲೂ ಹೋಗುತ್ತದೆ.

ಕಲ್ಲು ಬೇಡ, ಕಾಗದ ಹಿಡಿಯಿರಿ

2020ರ ಡಿಸೆಂಬರ್ 12ನ್ನು ಮರೆತಿದ್ದೀರಾ? ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಮಾಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಹುಡುಗರು ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಸರಿಯಾಗಿ ಬರುತ್ತಿಲ್ಲ ಅಂತ ಸಿಟ್ಟು ಸಿಡಿಯಿತು, ಗಾಜು ಒಡೆಯಿತು. ನೂರಕ್ಕೂ ಹೆಚ್ಚು ಜನ ಬಂಧನಕ್ಕೆ ಒಳಗಾದರು. ಆಮೇಲೆ ಏನಾಯಿತು? ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು, ಒಬ್ಬ ಉಪಾಧ್ಯಕ್ಷನನ್ನು ತೆಗೆಯಿತು. ಆಪಲ್ ಕಂಪನಿ ವಿಸ್ಟ್ರಾನನ್ನು ಪರೀಕ್ಷಾವಧಿಗೆ ಹಾಕಿ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು.

ಇದರಲ್ಲಿ ಎರಡು ಪಾಠ ಇವೆ. ಒಂದು, "ಏಜೆನ್ಸಿಯವರು ನಮ್ಮವರಲ್ಲ" ಅನ್ನುವ ಮಾತು ಜಗತ್ತಿನ ಮುಂದೆ ನಿಲ್ಲಲಿಲ್ಲ. ಇನ್ನೊಂದು, ನ್ಯಾಯ ಹುಡುಗರ ಕಡೆಗೇ ಇತ್ತು, ಆದರೂ ಕಲ್ಲು ಹಿಡಿದ ಕೈಗೆ ಕೋಳ ಬಿತ್ತು. ಕೇಸು ಹಾಕಿಸಿಕೊಂಡವನಿಗೆ ಪೊಲೀಸ್ ವೆರಿಫಿಕೇಷನ್ ಕೇಳುವ ಯಾವ ಕಂಪನಿ ಕೆಲಸ ಕೊಡುತ್ತದೆ? ಸಿಟ್ಟು ಇರಲಿ. ಅದನ್ನು ಪಟ್ಟಿಯಾಗಿ, ಪತ್ರವಾಗಿ, ಅರ್ಜಿಯಾಗಿ ಇಳಿಸಿ.

ಸೇರುವ ಮುಂಚೆಯೇ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಮೊದಲೇ ಎಚ್ಚರ ಇರಲಿ. ನೇಮಕದ ಪತ್ರ ಕೇಳಿ, ಅದರಲ್ಲಿ ನೀವು ಎಲ್ಲಿ, ಯಾವ ಕಂಪನಿಯಲ್ಲಿ ದುಡಿಯುತ್ತೀರಿ ಅಂತ ಬರೆದಿರಲಿ. ಇಂಗ್ಲಿಷಿನ ಕರಾರು ಅರ್ಥವಾಗದಿದ್ದರೆ ಕನ್ನಡದಲ್ಲಿ ಕೊಡಿ ಅನ್ನಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದು ಖಾಲಿ ಕಾಗದಕ್ಕೆ ಹಾಕಿದ ಹಾಗೆ. ಸಂಬಳ ಬ್ಯಾಂಕಿಗೇ ಬರಲಿ. ಕೆಲಸ ಕೊಡಿಸಲು ರಿಜಿಸ್ಟ್ರೇಷನ್, ಯೂನಿಫಾರಂ ಅಂತ ಹಣ ಕೇಳಿದರೆ 49ನೆಯ ಕಲಂ ತೋರಿಸಿ: ಗುತ್ತಿಗೆ ಕಾರ್ಮಿಕನಿಂದ ನೇರವಾಗಿ ಆಗಲಿ, ಸುತ್ತಿಬಳಸಿ ಆಗಲಿ ಶುಲ್ಕ, ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಬಿಡುವಾಗ ಅನುಭವದ ಪತ್ರ ಕೇಳಿ ಪಡೆಯುವ ಹಕ್ಕು 56ನೆಯ ಕಲಮಿನಲ್ಲಿದೆ. ಏಜೆನ್ಸಿ ಇನ್ನೂ ಬದುಕಿರುವಾಗಲೇ ಅದನ್ನು ಬರೆಸಿಟ್ಟುಕೊಳ್ಳಿ.

ಈ ಪುಟವನ್ನು ಕತ್ತರಿಸಿ ರೂಮಿನ ಗೋಡೆಗೆ ಅಂಟಿಸಿ. ಪಕ್ಕದ ರೂಮಿನ ಹುಡುಗನಿಗೆ, ಪಿ.ಜಿ.ಯ ಹುಡುಗಿಯರಿಗೆ ಓದಿ ಹೇಳಿ. ನಾಳೆ ಗೇಟಿನಲ್ಲಿ "ನೀವು ನಮ್ಮವರಲ್ಲ" ಅಂತ ಯಾರಾದರೂ ಅಂದರೆ ಜಗಳಕ್ಕೆ ನಿಲ್ಲಬೇಡಿ. "ಸರಿ ಸಾರ್, ಅದನ್ನೇ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಮಾಡಿ ಕೊಡಿ" ಅನ್ನಿ. ಎಷ್ಟು ಜನ ಬರೆದುಕೊಡುತ್ತಾರೋ ನೋಡೋಣ!